ಗನ್ ಇಲ್ಲದ ಹೋರಾಟಗಾರರ ಗೊಂಬೆ ಯಾಕೆ ಸಿಗಲ್ಲ?

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣೀಲಿ ಸ್ಕೇಲ್ ಮಾಡೆಲ್ (ನಿಜವಾದದ್ದನ್ನ ಅಳತೆ ಪ್ರಕಾರ ಪುಟ್ಟದಾಗಿ ಮಾಡೋ) ಹವ್ಯಾಸದ ಬಗ್ಗೆ ಬಂದ ಲೇಖನ ಓದಿದೆ, ಆಮೇಲೆ ಅದಕ್ಕೆ ಓದುಗರೊಬ್ಬರು ಸಿಟ್ಟಾಗಿ ಬರೆದ ಪತ್ರನೂ ಓದಿದೆ. ಮಕ್ಕಳ ಕೈಗೆ ಬಂದೂಕು ಹಿಡಿದ ಗೊಂಬೆ ಯಾಕೆ ಕೊಡ್ತೀರಿ, ಅದರ ಫೋಟೋ ಪೇಪರಲ್ಲಿ ಹಾಕಿ ಯಾಕೆ ಮೆರೆಸ್ತೀರಿ ಅಂತ ಅವರ ವಾದ. ಅವರಿಗೊಂದು ಖಾರದ ಉತ್ತರ ಬರೆಯೋಣ ಅಂತಲೇ ಕೂತಿದ್ದು, ಆದ್ರೆ ಆ ಫೋಟೋನ ಮತ್ತೊಮ್ಮೆ ನೋಡ್ತಾ ನೋಡ್ತಾ ಅರ್ಧ ಮಾತು ಅವರದ್ದೇ ಸರಿ ಅನ್ನಿಸೋಕೆ ಶುರುವಾಯ್ತು, ಕಾರಣ ಮಾತ್ರ ಬೇರೆ.

ಫೋಟೋದಲ್ಲಿ ಇದ್ದಿದ್ದು ನಾಲ್ಕು ಗೊಂಬೆ, ಹೆಬ್ಬೆರಳಿಗಿಂತ ಕೊಂಚ ದಪ್ಪದ ಪುಸ್ತಕದ ಮೇಲೆ ನಿಲ್ಲಿಸಿದ್ರಿ. ಬೆರೆ ಟೋಪಿ, ಲೆದರ್ ಜಾಕೆಟ್, ಕೈಲಿ ಸ್ಟೆನ್ ಗನ್, ತೋಳಿಗೆ ಪಟ್ಟಿ, ಒಬ್ಬಳು ಹುಡುಗಿ ಚಡ್ಡಿ ಹಾಕ್ಕೊಂಡು ಮೆಷಿನ್ ಪಿಸ್ತೂಲ್ ಹಿಡಿದಿದ್ದಾಳೆ. ಕೆಳಗೆ "ಫ್ರೆಂಚ್ ಸೈನಿಕರು" ಅಂತ ಬರೆದಿದ್ರಿ. ಅವರು ಸೈನಿಕರಲ್ಲ ಸ್ವಾಮಿ. ಎರಡನೇ ಮಹಾಯುದ್ಧದಲ್ಲಿ, 1940ರ ಜೂನ್‌ನಲ್ಲಿ ಫ್ರಾನ್ಸ್ ಜರ್ಮನಿಗೆ ಸೋತ ಮೇಲೆ ದೇಶದೊಳಗೇ ಕದ್ದುಮುಚ್ಚಿ ನಾಜಿಗಳ ವಿರುದ್ಧ ಕೆಲಸ ಮಾಡಿದ ಜನ, ಮೇಷ್ಟ್ರು, ರೈಲ್ವೆ ನೌಕರರು, ಹೋಟೆಲಿನೋರು, ಪ್ರೆಸ್ ಇಟ್ಟೋರು, ಕಾಲೇಜು ಹುಡುಗೀರು. ಸೈನ್ಯ ಸೋತು ಕೂತಿದ್ದಕ್ಕೇ ಇವರು ಎದ್ದಿದ್ದು, ಇವರನ್ನೇ ರೆಸಿಸ್ಟೆನ್ಸ್ ಅನ್ನೋದು.

ಆದ್ರೆ ಫೋಟೋ ನೋಡಿ ಸೈನಿಕರು ಅಂತ ಬರೆದಿದ್ದಕ್ಕೆ ನಿಮ್ಮನ್ನ ಪೂರ್ತಿ ಬೈಯೋಕೂ ಆಗಲ್ಲ, ಯಾಕಂದ್ರೆ ಬಿಡಿಭಾಗ ಜೋಡಿಸಿ ಮಾಡೋ ಗೊಂಬೆ ಕಿಟ್‌ಗಳಲ್ಲಿ ಅವರನ್ನ ಸೈನಿಕರ ಥರಾನೇ ಮಾಡಿರ್ತಾರೆ. ನಮ್ಮನೇಲಿ ದಸರಾಗೆ ಕೂರಿಸೋ ಪಟ್ಟದ ಗೊಂಬೆಗೆ ಇಂಥದ್ದೇ ರೂಪ ಅಂತ ಇದೆಯಲ್ಲ, ಹಾಗೇ ರೆಸಿಸ್ಟೆನ್ಸ್ ಅಂದ್ರೆ ಬೆರೆ, ಸ್ಟೆನ್, ತೋಳುಪಟ್ಟಿ ಅಂತ ಒಂದು ರೂಪ ಖಾಯಂ ಆಗಿಬಿಟ್ಟಿದೆ. ನಾನು ನೋಡಿರೋ ಬಾಕ್ಸ್‌ಗಳಲ್ಲಿ ನಾಲ್ಕು ಜನ ಇದ್ರೆ ನಾಲ್ವರಿಗೂ ಗನ್ ಇರುತ್ತೆ.

ಇದು ಪೂರ್ತಿ ಸುಳ್ಳು ಅಂತಲ್ಲ, ಆದ್ರೆ ಆ ವೇಷ ಹೆಚ್ಚಾಗಿ 1944ರ ಬೇಸಿಗೆಯ ಕೆಲವು ವಾರಗಳದ್ದು. ಜೂನ್ 6ಕ್ಕೆ ನಾರ್ಮಂಡಿ ತೀರದಲ್ಲಿ ಮಿತ್ರಪಡೆಗಳು ಇಳಿದ್ವು, ಆಗಸ್ಟ್ 25ಕ್ಕೆ ಪ್ಯಾರಿಸ್ ಬಿಡುಗಡೆ ಆಯ್ತು, ಆ ನಡುವೆ ಜನ ಬೀದಿಗಿಳಿದು ಎಫ್‌ಎಫ್‌ಐ ಅಂತ ಬರೆದ ಪಟ್ಟಿ ಕಟ್ಕೊಂಡ್ರು. ಎಫ್‌ಎಫ್‌ಐ (ಫ್ರಾನ್ಸ್‌ನ ಒಳನಾಡಿನ ಪಡೆಗಳು) ಅನ್ನೋದು ಬೇರೆ ಬೇರೆ ಗುಂಪುಗಳನ್ನ ಒಟ್ಟು ಸೇರಿಸಿ ಕಟ್ಟಿದ್ದೇ 1944ರಲ್ಲಿ. ಪಟ್ಟಿ ಕಟ್ಟಿದ್ದೂ ಶೋಕಿಗಲ್ಲ, ದೂರದಿಂದ ಕಾಣೋ ಗುರುತು ಇದ್ರೆ ಯುದ್ಧದ ಕಾನೂನಿನ ಪ್ರಕಾರ ಹಿಡಿದವರನ್ನ ಸೈನಿಕರಾಗಿ ನೋಡ್ಬೇಕು ಅನ್ನೋ ಲೆಕ್ಕ, ಜರ್ಮನ್ನರು ಅದನ್ನೂ ಕೇಳದೆ ಸಿಕ್ಕವರನ್ನ ಗೋಡೆಗೆ ನಿಲ್ಲಿಸಿ ಗುಂಡು ಹಾಕಿದ್ದು ಬೇಕಾದಷ್ಟಿದೆ. ಅಂಥ ಪಟ್ಟಿ ತೋಳಿಗೆ ಕಟ್ಕೊಂಡು 1942ರಲ್ಲಿ ಪ್ಯಾರಿಸ್ ಬೀದೀಲಿ ಓಡಾಡಿದ್ರೆ ಸಂಜೆಗೆ ಮನೆ ಸೇರ್ತಿರಲಿಲ್ಲ. ಗನ್ ತೋಳಲ್ಲಿ ತೂಗಾಡಿಸ್ಕೊಂಡು ಕೆಫೆ ಮುಂದೆ ನಿಂತಿರೋ ಗೊಂಬೆ ಮಾಡಿ ಕೆಳಗೆ 1942 ಅಂತ ಬೋರ್ಡ್ ಹಾಕಿರೋ ಡಯೋರಾಮಾಗಳನ್ನ (ಗೊಂಬೆ, ಬೀದಿ, ಮನೆ ಎಲ್ಲ ಜೋಡಿಸಿ ಮಾಡೋ ಪುಟ್ಟ ಸೀನ್) ಎಕ್ಸಿಬಿಷನ್‌ನಲ್ಲಿ ನೋಡಿದಾಗೆಲ್ಲ ನಂಗೆ ತಲೆ ಕೆಡುತ್ತೆ, ಪೇಂಟಿಂಗ್ ಎಷ್ಟೇ ಚೆನ್ನಾಗಿದ್ರೂ.

ಆ ಚಡ್ಡಿ ಹುಡುಗಿ ಗೊಂಬೆ ಇದೆಯಲ್ಲ, ಅದಕ್ಕೆ ಮೂಲ ಸಿಮೋನ್ ಸೆಗ್ವೆನ್ ಅನ್ನೋರ ಫೋಟೋ, 1944ರ ಆಗಸ್ಟ್‌ನಲ್ಲಿ ಶಾರ್ತ್ರ್ ಪಟ್ಟಣದ ಬಿಡುಗಡೆ ಹೊತ್ತಲ್ಲಿ ತೆಗೆದಿದ್ದು, ಅವರಿಗಾಗ 18 ವರ್ಷ. ಜಗತ್ತೆಲ್ಲ ಓಡಾಡಿದ ಫೋಟೋ ಅದು. ಆದ್ರೆ ಅವರಿಗೆ ಕೊಟ್ಟ ಮೊದಲ ಕೆಲಸ ಏನು ಗೊತ್ತಾ, ಜರ್ಮನ್ನರ ಒಂದು ಸೈಕಲ್ ಕದಿಯೋದು. ಆ ಸೈಕಲ್ಲಿಗೆ ಬೇರೆ ಬಣ್ಣ ಬಳಿದು ಅದರಲ್ಲೇ ಸುದ್ದಿ ಸಾಗಿಸ್ತಿದ್ರು. ಗನ್ ಹಿಡಿದ ಸಿಮೋನ್ ಗೊಂಬೆಯಾಗಿ ಸಿಗ್ತಾರೆ, ಸೈಕಲ್ ಕದೀತಿರೋ ಸಿಮೋನ್ ನನ್ನ ಕಣ್ಣಿಗಂತೂ ಬಿದ್ದಿಲ್ಲ. ಡಯೋರಾಮಾ ಮಾಡೋನಿಗೆ ಯಾವುದು ಒಳ್ಳೆ ಸೀನ್ ನೀವೇ ಹೇಳಿ!

ಇನ್ನು ನಮ್ಮವರೇ ಒಬ್ರ ವಿಷಯ. ನೂರ್ ಇನಾಯತ್ ಖಾನ್, ಟಿಪ್ಪು ಸುಲ್ತಾನ್ ವಂಶದವರು. ಹುಟ್ಟಿದ್ದು 1914ರಲ್ಲಿ ಮಾಸ್ಕೋದಲ್ಲಿ, ಬೆಳೆದಿದ್ದು ಪ್ಯಾರಿಸ್ ಹತ್ರ, ತಂದೆ ಸೂಫಿ ಗುರು ಮತ್ತೆ ವೀಣೆ ನುಡಿಸೋರು, ತಾಯಿ ಅಮೆರಿಕದವರು. ಫ್ರಾನ್ಸ್‌ನ ಗುಪ್ತ ಗುಂಪುಗಳಿಗೆ ಸಹಾಯಕ್ಕೆ ಅಂತ ಬ್ರಿಟಿಷರು 1943ರ ಜೂನ್‌ನಲ್ಲಿ ಲೈಸ್ಯಾಂಡರ್ ಅನ್ನೋ ಪುಟ್ಟ ವಿಮಾನದಲ್ಲಿ ರಾತ್ರೋರಾತ್ರಿ ಅವರನ್ನ ಹೊಲವೊಂದರಲ್ಲಿ ಇಳಿಸಿದ್ರು, ಕೆಲಸ ರೇಡಿಯೋ ಆಪರೇಟರ್. ಹೋಗಿ ಸ್ವಲ್ಪ ದಿನಕ್ಕೇ ಅವರ ಜಾಲದವರೆಲ್ಲ ಒಬ್ಬೊಬ್ಬರಾಗಿ ನಾಜಿಗಳ ಗುಪ್ತ ಪೊಲೀಸ್ ಗೆಸ್ಟಾಪೊ ಕೈಗೆ ಸಿಕ್ಕಿಬಿದ್ರು, ವಾಪಸ್ ಬನ್ನಿ ಅಂದ್ರೂ ಬರಲ್ಲ ಅಂದು ಅಲ್ಲೇ ಉಳಿದ್ರು, ಕೂದಲ ಬಣ್ಣ ಬದಲಾಯಿಸ್ಕೊಂಡು, ಮನೆಯಿಂದ ಮನೆಗೆ ಜಾಗ ಬದಲಾಯಿಸ್ಕೊಂಡು. ಗಂಟೆಗಟ್ಟಲೆ ಸಿಗ್ನಲ್ ಕಳಿಸಿದ್ರೆ ಜರ್ಮನ್ನರ ಪತ್ತೆ ಗಾಡಿಗಳು ಬೀದಿ ಹುಡುಕ್ಕೊಂಡು ಬಂದುಬಿಡ್ತಿದ್ವು, ಹಾಗಾಗಿ ಬೇಗ ಬೇಗ ಮೋರ್ಸ್ ಸಂಕೇತ ಬಡಿದು ಪೆಟ್ಟಿಗೆ ಮುಚ್ಚಿ ಹೊರಡ್ಬೇಕು. ರೇಡಿಯೋ ಆಪರೇಟರ್ ಹೋದ್ರೆ ಆರು ವಾರ ಉಳಿದ್ರೆ ದೊಡ್ಡದು ಅಂತ ಲೆಕ್ಕ ಇದ್ದ ಕಾಲದಲ್ಲಿ ಈಯಮ್ಮ ಅಕ್ಟೋಬರ್‌ವರೆಗೂ ನಡೆಸಿದ್ರು. ಯಾರೋ ಸುಳಿವು ಕೊಟ್ಟು ಹಿಡಿಸಿದ್ರು. 1944ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಡಾಖಾವ್ ಅನ್ನೋ ನಾಜಿ ಸೆರೆ ಕ್ಯಾಂಪ್‌ನಲ್ಲಿ ಗುಂಡಿಕ್ಕಿ ಕೊಂದ್ರು, ವಯಸ್ಸು 30.

ಈ ನೂರ್ ಅವರನ್ನ 1/35 ಸ್ಕೇಲ್‌ನಲ್ಲಿ, ಅಂದ್ರೆ ನಿಜದ ಅಳತೆಯ 35ರಲ್ಲಿ ಒಂದು ಪಾಲಿಗೆ, ಹೇಗೆ ಮಾಡ್ತೀರಿ? ಕೈಗೆ ಗನ್ ಕೊಟ್ರೆ ಅಲ್ಲಿಗೆ ಸುಳ್ಳು. ಅವರ ಹತ್ರ ಇದ್ದಿದ್ದು ಒಂದು ಸೂಟ್‌ಕೇಸ್, ಒಳಗೆ ರೇಡಿಯೋ ಸೆಟ್, ತೂಕ ಹತ್ತಿರ ಹತ್ತಿರ 15 ಕೆಜಿ. ಅದನ್ನ ಏನೂ ಭಾರವೇ ಇಲ್ಲ ಅನ್ನೋ ಥರ ಹಿಡ್ಕೊಂಡು ಪೊಲೀಸರ ಮುಂದೆ ನಡೀಬೇಕು. ಗೊಂಬೆ ಮಾಡೋನಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಇನ್ನೊಂದಿಲ್ಲ: ಭುಜ ಒಂದು ಕಡೆಗೆ ಕೂದಲೆಳೆಯಷ್ಟು ವಾಲಿರ್ಬೇಕು, ಮುಖ ಮಾತ್ರ ತರಕಾರಿ ತರೋಕೆ ಹೊರಟಿರೋ ಹಾಗೆ ಇರ್ಬೇಕು, ಆ ಮುಖವೋ ಆರೇಳು ಮಿಲಿಮೀಟರ್. ಸ್ಕೇಲ್ ಲೆಕ್ಕದಲ್ಲಿ ಸೂಟ್‌ಕೇಸು ಒಂದೂಕಾಲು ಸೆಂಟಿಮೀಟರ್ ಚಿಲ್ಲರೆ. ಏರಿಯಲ್ ವೈರ್ ಸುಮಾರು 20 ಮೀಟರ್ ಬೇಕಿತ್ತು, ಅಂದ್ರೆ 1/35ರಲ್ಲಿ 57 ಸೆಂಟಿಮೀಟರ್, ನಾನು ಗೊಂಬೆ ನಿಲ್ಲಿಸೋ ಹಲಗೆಯೇ ಒಂದಡಿ! ಹೆಣ್ಣುಮಗಳೊಬ್ಬಳು ಗೆಸ್ಟಾಪೊ ಇರೋ ಊರಲ್ಲಿ ಅಷ್ಟುದ್ದದ ತಂತಿನ ಕಿಟಕಿಯಿಂದ ಮರಕ್ಕೆ ಎಳೀಬೇಕಿತ್ತು ಅನ್ನೋದು ಪುಸ್ತಕ ಓದುವಾಗ ತಲೆಗೆ ಹತ್ತಿರಲಿಲ್ಲ, ಸ್ಪ್ರೂ (ಕಿಟ್‌ನ ಭಾಗಗಳು ಅಂಟಿಕೊಂಡು ಬರೋ ಪ್ಲಾಸ್ಟಿಕ್ ಕಡ್ಡಿ) ತುಂಡನ್ನ ಕ್ಯಾಂಡಲ್ ಮೇಲೆ ಕಾಯಿಸಿ ದಾರದ ಹಾಗೆ ಎಳೆದು ಅಂಟಿಸೋಕೆ ಹೊರಟಾಗ ಹತ್ತಿತು. ಅವರು ಹಾಗೆ ವೈರ್ ಕಟ್ತಿದ್ದಾಗ ಅದೇ ಬಿಲ್ಡಿಂಗಿನ ಜರ್ಮನ್ ಆಫೀಸರ್ ಒಬ್ಬ ಬಂದು ನಾನು ಸಹಾಯ ಮಾಡ್ಲಾ ಅಂತ ಕೇಳಿ ಕಟ್ಟಿಕೊಟ್ಟ ಅಂತ ಒಂದು ಕಥೆ ಹೇಳ್ತಾರೆ. ನಿಜಾನೋ ಕಟ್ಟುಕಥೆಯೋ, ಡಯೋರಾಮಾಗೆ ಇದಕ್ಕಿಂತ ಸೀನ್ ಬೇಕಾ.

ಅಂಗಡೀಲಿ ಇಂಥದ್ದು ಸಿಗದೇ ಇದ್ರೆ ನಾವೇ ಮಾಡ್ಕೋಬಹುದು, ಕಷ್ಟ ಇಲ್ಲ. ಸಾಮಾನ್ಯ ಜನರ ಗೊಂಬೆಗಳ ಸೆಟ್ ತಗೊಳ್ಳಿ, ಕೈಯನ್ನ ಬ್ಲೇಡಲ್ಲಿ ಕತ್ತರಿಸಿ ತಿರುಗಿಸಿ, ಸಂದಿಗೆ ಎಂ-ಸೀಲ್ ತುಂಬಿ, ಪಾಲಿಶ್ ಪೇಪರ್ ಹೊಡೀರಿ. ಕೋಟಿನ ಅಂಚು ಬೇಕಂದ್ರೆ ಟಿಶ್ಯೂ ಪೇಪರ್‌ಗೆ ನೀರು ಬೆರೆಸಿದ ಫೆವಿಕಾಲ್ ಸಾಕು. ಕಣ್ಣಿಗೆ ದಯವಿಟ್ಟು ಬಿಳಿ ಚುಕ್ಕೆ ಇಡಬೇಡಿ, ಆ ಸೈಜಲ್ಲಿ ಭೂತ ಕಂಡ ಹಾಗಾಗುತ್ತೆ, ಕಂದು ನೆರಳು ಒಂದು ಗೆರೆ ಎಳೆದ್ರೆ ಆಯ್ತು. ಅದಕ್ಕಿಂತ ಸುತ್ತಲಿನ ವಸ್ತುಗಳಿಗೆ ಟೈಮ್ ಕೊಡಿ. ಚರ್ಮ ಸಿಗದೆ ಆಗ ಫ್ರಾನ್ಸಲ್ಲಿ ಜನ ಮರದ ಅಟ್ಟೆಯ ಚಪ್ಪಲಿ, ಶೂ ಹಾಕ್ತಿದ್ರು, ಬೂಟಿನ ಕೆಳಗೆ ಅರ್ಧ ಮಿಲಿಮೀಟರ್ ಪ್ಲಾಸ್ಟಿಕ್ ಶೀಟ್ ಅಂಟಿಸಿದ್ರೆ ಕಾಲ ಗೊತ್ತಾಗುತ್ತೆ. ಪೆಟ್ರೋಲ್ ಇಲ್ಲದೆ ಕಾರಿಗೆ ಹಿಂದೆ ಬಾಯ್ಲರ್ ಥರ ಡ್ರಮ್ ಕಟ್ಟಿ ಸೌದೆ, ಇದ್ದಿಲ ಗ್ಯಾಸಲ್ಲಿ ಓಡಿಸ್ತಿದ್ರು, ಟಾಮಿಯಾ ಅನ್ನೋ ಮಾಡೆಲ್ ಕಂಪನಿಯವರ ಸಿಟ್ರೋಯೆನ್ ಟ್ರಾಕ್ಸಿಯೋನ್ ಕಾರಿನ ಕಿಟ್ ಬಹಳ ಚೆಂದ ಇದೆ, ಅದಕ್ಕೊಂದು ಡ್ರಮ್ ಮಾಡಿ ಹಾಕಿ, ಪಕ್ಕದಲ್ಲಿ ಬ್ರೆಡ್ಡಿನ ಕ್ಯೂ ನಿಲ್ಲಿಸಿ, ಕ್ಯೂನಲ್ಲಿ ಒಬ್ಬಳ ಬುಟ್ಟೀಲಿ ಕದ್ದು ಅಚ್ಚು ಹಾಕಿದ ಪೇಪರ್ ಇರಲಿ. ನೋಡೋರಿಗೆ ಯಾರು ಹೋರಾಟಗಾರರು ಅಂತ ಹುಡುಕೋಕೆ ಹತ್ತು ನಿಮಿಷ ಬೇಕು.

ಹಾಗಂತ ಎಲ್ಲ ಕಡೆ ಗನ್ ತಪ್ಪು ಅಂತಲ್ಲ. ಪೋಲೆಂಡಿನ ವಾರ್ಸಾದಲ್ಲಿ 1944ರ ಆಗಸ್ಟ್ 1ಕ್ಕೆ ಸಂಜೆ ಐದು ಗಂಟೆಗೆ ಇಡೀ ಊರು ದಂಗೆ ಎದ್ದು 63 ದಿನ ಕಾದಾಡ್ತು. ಅಲ್ಲಿ ಸಮಸ್ಯೆ ಉಲ್ಟಾ. ಹೋರಾಟಗಾರರು ಜರ್ಮನ್ನರ ಗೋಡೌನ್ ಹೊಡೆದು ಅವರದ್ದೇ ಮಚ್ಚೆ ಮಚ್ಚೆ ಜಾಕೆಟ್, ಅವರದ್ದೇ ಹೆಲ್ಮೆಟ್ ಹಾಕ್ಕೊಂಡ್ರು, ಅದಕ್ಕೇ ಕೆಂಪು ಬಿಳಿ ಪಟ್ಟಿ ತೋಳಿಗೂ ಹೆಲ್ಮೆಟ್ಟಿಗೂ ಬಂತು. ಮಾಡೆಲ್‌ನಲ್ಲಿ ಆ ಮೂರು ಮಿಲಿಮೀಟರ್ ಪಟ್ಟಿ ಬಿಟ್ರೆ ಗೊಂಬೆ ಪಕ್ಷ ಬದಲಾಯಿಸಿಬಿಡುತ್ತೆ. ಅಲ್ಲೂ ಮೊದಲ ದಿನ ಬಹಳಷ್ಟು ಜನರ ಕೈಲಿ ಆಯುಧವೇ ಇರಲಿಲ್ಲ, ಇದ್ದ ಆಯುಧದಲ್ಲೂ ಕೆಲವು ಮನೇಲೇ ಮಾಡಿದ್ದು, ಕುಬುಶ್ ಅಂತ ಒಂದು ಕವಚದ ಗಾಡೀನ ಷೆವರ್ಲೆ ಲಾರಿ ಚಾಸಿ ಮೇಲೆ ಗುಟ್ಟಾಗಿ ಕಟ್ಟಿ ಯೂನಿವರ್ಸಿಟಿ ಮೇಲಿನ ದಾಳಿಗೆ ತಗೊಂಡು ಹೋಗಿದ್ರು, ಅದು ಇವತ್ತಿಗೂ ಅಲ್ಲಿನ ಮ್ಯೂಸಿಯಂ ಪಾಲಲ್ಲಿ ಉಳಿದಿದೆ. ಚರಂಡಿ ಸುರಂಗದೊಳಗೆ ನಡೆದು ಸುದ್ದಿ ತಲುಪಿಸಿದೋರು, ಟಪಾಲು ಹಂಚಿದ ಸ್ಕೌಟ್ ಹುಡುಗರು, ನರ್ಸ್‌ಗಳು, ಇವರಿಲ್ಲದೆ ವಾರ್ಸಾ ಡಯೋರಾಮಾ ಮಾಡಿದ್ರೆ ಬರೀ ಕಲ್ಲುರಾಶಿ ಮೇಲೆ ಶೂಟಿಂಗ್ ಅಷ್ಟೇ.

ಪತ್ರ ಬರೆದ ಆ ಓದುಗರಿಗೆ ನನ್ನ ಮಾತು ಇಷ್ಟೇ, ಗೊಂಬೆ ಮಾರೋದನ್ನ ನಿಲ್ಲಿಸಿ ಅಂತ ಕೇಳೋ ಬದಲು ಸೂಟ್‌ಕೇಸ್ ಹಿಡಿದ ಗೊಂಬೆನೂ ಮಾಡಿ ಅಂತ ಕೇಳಿ, ನಾನೂ ಸಹಿ ಹಾಕ್ತೀನಿ. ನಮ್ಮ ಮಕ್ಕಳಿಗೆ ಟಿಪ್ಪು ಹುಲಿ ಗೊತ್ತು, ಅದೇ ವಂಶದ ನೂರ್ ಗೊತ್ತಿಲ್ಲ.

ಕೊನೇದಾಗಿ ಇನ್ನೊಂದು ಸಣ್ಣ ತಿದ್ದುಪಡಿ. ಆ ನಾಲ್ಕು ಗೊಂಬೆ 1/32 ಸ್ಕೇಲ್ ಅಂತ ಹಾಕಿದ್ದೀರಿ. ಹಿಂದೆ ನಿಂತಿರೋದು ಮೇಲೆ ಹೇಳಿದ ಟಾಮಿಯಾ ಕಾರೇ, ಅದು 1/35, ಗೊಂಬೆಗಳ ಅಳತೆ ಕಾರಿನ ಅಳತೆಗೆ ಸರಿಯಾಗಿ ಹೊಂದ್ತಿದೆ, ಹಾಗಾಗಿ ಅವೂ 1/35ರವೇ. "ಫ್ರೆಂಚ್ ಸೈನಿಕರು" ಅನ್ನೋದನ್ನ ತಿದ್ದುವಾಗ ಇದನ್ನೂ ಸೇರಿಸಿ ತಿದ್ದಿಬಿಡಿ.

ಇಂತಿ,
ಒಬ್ಬ ಹಳೇ ಓದುಗ, ಮೈಸೂರು