ಟೇಪ್ ಎಸೆಯಬೇಡಿ, ನಾನು ಅಳಿಸಿ ಕೆಟ್ಟಿದ್ದೇನೆ

ಮಾನ್ಯ ಸಂಪಾದಕರೇ,

ಯೂಮ್ಯಾಟಿಕ್ ಎಂಬ ಹಳೆ ವಿಡಿಯೊ ಕ್ಯಾಸೆಟ್ಟಿನ ಕಾಲದಿಂದ ಸ್ವತಂತ್ರವಾಗಿ ಟಿ.ವಿ. ಕಾರ್ಯಕ್ರಮ ಮಾಡಿಕೊಂಡು ಬಂದವನು ನಾನು. ಈಗ ಹಳೆ ಟೇಪುಗಳನ್ನು ಡಿಜಿಟಲ್ ಮಾಡಿ ಕಾಪಾಡುವುದೇ ಕೆಲಸ. ‘ಡಿವಿಡಿ ಮಾಡಿಸಿದ್ದೀವಿ, ಟೇಪ್ ಎಸೀಬಹುದಲ್ವಾ?’ ಎಂದು ವಾರಕ್ಕೊಬ್ಬರಾದರೂ ಕೇಳುತ್ತಾರೆ. ಬೇಡ ಎನ್ನಲು ಈ ಪತ್ರ.

ನನ್ನ ಕಂಪನಿ ಎಂದರೆ ನಾನು, ಬಾಡಿಗೆ ಕ್ಯಾಮೆರಾ, ಒಂದು ಬೀರು. ಹೊಸ ಟೇಪಿಗೆ ದುಡ್ಡಿಲ್ಲದಾಗ ಹಳೆ ರಷಸ್ (ಎಡಿಟ್ ಮಾಡುವ ಮುಂಚಿನ ಮೂಲ ಚಿತ್ರೀಕರಣ) ಮೇಲೆಯೇ ಮುಂದಿನ ಶೂಟಿಂಗ್. ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರನ್ನು ಒಮ್ಮೆ ಎರಡು ಗಂಟೆ ಮಾತಾಡಿಸಿದ್ದೆ. ಪ್ರಸಾರವಾಗಿದ್ದು ನಾಲ್ಕು ನಿಮಿಷ. ಮಿಕ್ಕಿದ್ದರ ಮೇಲೆ ಯಾವುದೋ ಉದ್ಘಾಟನೆ ಕೂತಿತು. ಯೂಮ್ಯಾಟಿಕ್ ಕ್ಯಾಸೆಟ್ಟಿನಲ್ಲಿ ಒಂದು ಕೆಂಪು ಗುಂಡಿ ಇರುತ್ತದೆ, ಅದನ್ನು ಕಿತ್ತರೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ನಾನು ಬೇಕೆಂದೇ ಕೀಳುತ್ತಿರಲಿಲ್ಲ. ಎಷ್ಟೋ ವರ್ಷದ ಮೇಲೆ ಅವರ ಮಗಳು ಫೋನ್ ಮಾಡಿ, ‘ಅಪ್ಪನ ದನಿ ಇದ್ರೆ ಕೊಡಿ ಸರ್’ ಎಂದರು. ಆ ನಾಲ್ಕು ನಿಮಿಷ ಕೊಟ್ಟೆ. ಅದರಲ್ಲೂ ಅರ್ಧ ನನ್ನದೇ ನಿರೂಪಣೆ.

ದೊಡ್ಡವರೂ ಇದನ್ನೇ ಮಾಡಿದ್ದಾರೆ ಬಿಡಿ. ಮನುಷ್ಯ ಮೊದಲು ಚಂದ್ರನ ಮೇಲಿಳಿದ ಅಪೊಲೊ 11ರ ಮೂಲ ಟೇಪುಗಳು ಅಳಿಸಿ ಮರುಬಳಕೆಯಾಗಿರಬೇಕು ಎಂದು ನಾಸಾವೇ 2009ರಲ್ಲಿ ಹೇಳಿತು.

ಡಿವಿಡಿಗೆ ಹಾಕುವಾಗ ಚಿತ್ರವನ್ನು ಹಿಂಡಿ ಸಣ್ಣದು ಮಾಡುತ್ತಾರೆ. ಬಿಟ್ಟುಹೋದ ವಿವರ ಮತ್ತೆ ಬೇಕೆಂದರೆ ಟೇಪಿಗೇ ಹೋಗಬೇಕು. ಟೇಪ್ ಓದುವ ಹೆಡ್ಡು ಸವೆದ ಡೆಕ್ಕಿನಲ್ಲಿ (ಟೇಪ್ ಓಡಿಸುವ ಯಂತ್ರ) ಗೆರೆಗೆರೆಯಾಗಿ ಕಂಡ ಟೇಪ್, ಒಳ್ಳೆ ಡೆಕ್ಕಿನಲ್ಲಿ ಚೆನ್ನಾಗಿ ಬಂದದ್ದನ್ನು ನಾನೇ ಕಂಡಿದ್ದೇನೆ. ತೇವ ಹಿಡಿದು ಅಂಟಂಟಾದ ಕೆಲವು ಟೇಪುಗಳೂ ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಸ್ವಲ್ಪ ದಿನ ಓಡುತ್ತವೆ. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ!

ಆದರೆ ಓಡಿಸುವ ಯಂತ್ರ ಎಲ್ಲಿದೆ? ಸೋನಿ 2016ರಲ್ಲಿ ಬೀಟಾಮ್ಯಾಕ್ಸ್ ಎಂಬ ಮನೆಬಳಕೆಯ ವಿಡಿಯೊ ಟೇಪ್ ಮಾರಾಟ ನಿಲ್ಲಿಸಿತು. ಅದೇ ವರ್ಷ ಜಪಾನಿನ ಫುನಾಯ್ ಕಂಪನಿ ವಿಸಿಆರ್ (ವಿಡಿಯೊ ಕ್ಯಾಸೆಟ್ ರೆಕಾರ್ಡರ್) ತಯಾರಿಕೆ ಬಿಟ್ಟಿತು. ಈಗ ಒಂದು ಡೆಕ್ ಉಳಿಸಲು ಇನ್ನೊಂದನ್ನು ಬಿಚ್ಚುತ್ತೇವೆ. ಒಂದು ಗಂಟೆಯ ಟೇಪನ್ನು ಕಂಪ್ಯೂಟರಿಗೆ ಇಳಿಸಲು ಒಂದು ಗಂಟೆಯೇ ಬೇಕು, ಅದಕ್ಕೆ ಅಡ್ಡದಾರಿಯಿಲ್ಲ. ಹಾಗಾಗಿ ಟೇಪ್ ಇದ್ದವರು ಬೇಗ ಇಳಿಸಿಕೊಳ್ಳಿ. ಆಮೇಲೂ ಟೇಪನ್ನು ಒಣಗಿದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ.

ಡಬ್ಬಿಯ ಮೇಲೆ ಯಾರು, ಎಲ್ಲಿ, ಯಾವಾಗ ಎಂದು ಬರೆಯಿರಿ. ನನ್ನ ಬೀರುವಿನಲ್ಲಿ ‘ಫೈನಲ್’, ‘ಹೊಸ ಫೈನಲ್’ ಎಂದಷ್ಟೇ ಬರೆದ ಹನ್ನೊಂದು ಟೇಪುಗಳಿವೆ. ಅಕ್ಷರ ನನ್ನದೇ. ಒಳಗೇನಿದೆಯೋ ಗೊತ್ತಿಲ್ಲ.

ಇಂತಿ,
ಒಬ್ಬ ಸ್ವತಂತ್ರ ಟಿ.ವಿ. ನಿರ್ಮಾಪಕ