ವಶೀಲಿ ಬೇರೆ, ಪರಿಚಯ ಬೇರೆ

ಮಲ್ಪೆ, ಶುಕ್ರವಾರ

ಪ್ರೀತಿಯ ಶ್ರುತಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಬಂದಾಗ ನೀನು ಹೇಳಿದ ಮಾತು ತಲೆಯಲ್ಲೇ ಕೂತಿದೆ. "ನನ್ನ ಡ್ಯೂಟಿ ನಾನು ಮಾಡಿದರೆ ಸಾಕು ದೊಡ್ಡಮ್ಮ, ಯಾರ ಪರಿಚಯವೂ ಬೇಡ" ಅಂದೆಯಲ್ಲ? ಪಣಂಬೂರು ಬಂದರಿನ ಗೇಟಿಗೆ ಸಿಐಎಸ್‌ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ) ಎಸ್‌ಐ ಆಗಿ ಬಂದು ಆರು ತಿಂಗಳಾಯಿತಷ್ಟೆ. ಇಷ್ಟು ಬೇಗ ಈ ಬಿಗುಮಾನ ಬೇಡ ಮಾರಾಯ್ತಿ.

ವಶೀಲಿ ಅಂದರೆ ನಿನಗೆ ಆಗುವುದಿಲ್ಲ, ಗೊತ್ತು. ನನಗೂ ಆಗುತ್ತಿರಲಿಲ್ಲ. ಎರಡೂ ಒಂದೇ ಅಂದುಕೊಂಡು ನಾನು ಪರಿಚಯವನ್ನೂ ದೂರ ಇಟ್ಟೆ. ಆಗ ಒಂದು ಪೊಲೀಸ್ ಕಂಟ್ರೋಲ್ ರೂಮಿನಲ್ಲಿದ್ದೆ, ಯಾವ ಊರಿನದ್ದು ಅಂತ ಈಗ ಬೇಡ. ಪಾಳಿ ಮುಗಿದ ಕೂಡಲೇ ಬಸ್ಸಿಗೆ ಓಡುತ್ತಿದ್ದೆ, ಮನೆಯಲ್ಲಿ ಸಣ್ಣ ಮಗು. ಗಂಡಸರು ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಾ ನಿಲ್ಲುತ್ತಿದ್ದರು. ಯಾವ ಟ್ರೈನಿಂಗಿಗೆ ಹೆಸರು ಕೇಳಿದ್ದಾರೆ, ಎಲ್ಲಿ ಜಾಗ ಖಾಲಿ ಇದೆ, ಎಲ್ಲ ಅಲ್ಲೇ ತಿಳಿಯುತ್ತಿತ್ತು. ಒಂದು ಕೋರ್ಸಿನ ಸುತ್ತೋಲೆ ನನ್ನ ಮೇಜಿಗೆ ಬರುವಾಗ ಕೊನೆಯ ದಿನ ಕಳೆದು ನಾಲ್ಕು ದಿನವಾಗಿತ್ತು. ಯಾರೂ ಬೇಕಂತ ಮಾಡಿದ್ದಲ್ಲ. ನನ್ನ ನೆನಪು ಯಾರಿಗೂ ಬರಲಿಲ್ಲ, ಅಷ್ಟೆ. ಆ ಕೋರ್ಸಿಗೆ ಹೋದವರು ನನಗಿಂತ ಮೊದಲು ಬಡ್ತಿ ಪಡೆದರು.

ಬುದ್ಧಿ ಬಂದದ್ದು ಮಲ್ಪೆಯಲ್ಲಿ. 2008ರ ನವೆಂಬರಿನಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು 'ಕುಬೇರ' ಎಂಬ ಮೀನುಗಾರಿಕಾ ದೋಣಿಯನ್ನು ವಶಮಾಡಿಕೊಂಡು ಸಮುದ್ರದಿಂದ ಬಂದವರು. ಆಮೇಲೆ ಕರಾವಳಿ ಪೊಲೀಸರಿಗೆಲ್ಲ ಒಂದೇ ಮಾತು: ಅಪರಿಚಿತ ದೋಣಿ ಕಂಡರೆ ಸುದ್ದಿ ಬರಬೇಕು. ಸುದ್ದಿ ಕೊಡುವವರು ಯಾರು? ಬೆಳಗ್ಗೆ ಬಂದರಿನಲ್ಲಿ ಬುಟ್ಟಿ ಹಿಡಿದು ಮೀನಿನ ಏಲಕ್ಕೆ ನಿಲ್ಲುವ ಹೆಂಗಸರಿಗೆ ಯಾರ ಬೋಟು ಬಂತು, ಯಾರದ್ದು ಬರಲಿಲ್ಲ, ಎಲ್ಲ ಗೊತ್ತು. ಎರಡು ತಿಂಗಳು ನಾನು ಅವರಿಂದ ಸುಮ್ನೆ ಮೀನು ತೆಗೆದುಕೊಂಡೆ, ಬೈಗುಳ ಕೇಳಿದೆ (ಚೌಕಾಸಿ ಮಾಡಿದರೆ ಸಮವಸ್ತ್ರ ನೋಡುವವರಲ್ಲ ಅವರು). ಮೂರನೇ ತಿಂಗಳು ಒಬ್ಬಳು ಫೋನ್ ಮಾಡಿದಳು. ಹೊರಗಿನ ಬೋಟೊಂದು ನಿಂತಿದೆ ಅಂತ. ನೋಡಿದರೆ ಎಂಜಿನ್ ಕೆಟ್ಟ ಬೋಟು. ಪರವಾಗಿಲ್ಲ, ಫೋನ್ ಬಂತಲ್ಲ.

ನಿನ್ನ ಗೇಟಿನ ಸುತ್ತ ನೋಡು. ಕಸ್ಟಮ್ಸ್, ಇಮಿಗ್ರೇಷನ್, ಕೋಸ್ಟ್ ಗಾರ್ಡ್, ಬಂದರಿನ ಸ್ವಂತ ಸಿಬ್ಬಂದಿ. ಎಲ್ಲ ಕಡೆ ಒಬ್ಬಿಬ್ಬರಾದರೂ ಹೆಣ್ಣುಮಕ್ಕಳಿರುತ್ತಾರೆ. ಅವರ ಹೆಸರು ಗೊತ್ತಿರಲಿ. ರಾತ್ರಿ ಎರಡು ಗಂಟೆಗೆ ಒಂದು ಲಾರಿಯ ಕಾಗದ ಸರಿ ಕಾಣದಿದ್ದಾಗ ಹೆಸರು ಹುಡುಕುತ್ತಾ ಕೂತರೆ ಆಗಲಿಕ್ಕಿಲ್ಲ.

ಡ್ಯೂಟಿಯ ವಿಷಯ ಬಾಯಿಬಿಡುವ ಹಾಗಿಲ್ಲ, ಮತ್ತೆ ಎಂತ ಮಾತಾಡುವುದು ಅಂತ ಕೇಳುತ್ತೀಯ. ಪರೀಕ್ಷೆ, ವರ್ಗ, ಕ್ವಾರ್ಟರ್ಸ್, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಮಾತಿಗೆ ಬರವೇ? ಯಾವ ಗೇಟಿನಲ್ಲಿ ಎಷ್ಟು ಜನ, ಪಾಳಿ ಯಾವಾಗ ಬದಲಾಗುತ್ತದೆ ಎಂಬುದು ಮಾತ್ರ ಗೆಳತಿಯ ಹತ್ತಿರವೂ ಬೇಡ. ಲಿಂಕ್ಡ್‌ಇನ್‌ನಲ್ಲಂತೂ ಬೇಡವೇ ಬೇಡ. ಒಳ್ಳೆಯ ಕೆಲಸ ಕೊಡಿಸುತ್ತೇವೆ ಅಂತ ಅಲ್ಲಿ ಮಾತಿಗೆಳೆಯುವವರೆಲ್ಲ ಕೆಲಸ ಕೊಡುವವರಲ್ಲ.

ಇನ್ನೊಂದು, ನಿನ್ನ ಎಪಿಎಆರ್. ಮೇಲಿನವರು ನಿನ್ನ ಕೆಲಸದ ಬಗ್ಗೆ ಬರೆಯುವ ವರ್ಷದ ವರದಿ ತಾನೇ ಅಂತ ಉಡಾಫೆ ಮಾಡಬೇಡ. 2021ರ ಮಾರ್ಚಿನಲ್ಲಿ, ಸೇನೆಯ ಮಹಿಳಾ ಅಧಿಕಾರಿಗಳ ಕಾಯಂ ನೇಮಕದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಇವರಿಗೆ ಮುಂದೆ ದಾರಿಯೇ ಇಲ್ಲ ಅಂದುಕೊಂಡು ಮೇಲಿನವರು ಅವರ ವರದಿಗಳನ್ನು ಕಾಟಾಚಾರಕ್ಕೆ ಬರೆದಿದ್ದರು. ದಾರಿ ತೆರೆದಾಗ ಅದೇ ವರದಿಗಳು ಅಡ್ಡ ಬಂದವು. ಹಾಗಾಗಿ ಮಾಡಿದ ಕೆಲಸವನ್ನು ತಾರೀಕು ಸಮೇತ ಬರೆದಿಟ್ಟುಕೋ. ವರದಿ ಕೈಗೆ ಬಂದ ಮೇಲೆ ತಪ್ಪಿದ್ದರೆ ಮನವಿ ಕೊಡಲು 15 ದಿನ ಇರುತ್ತದೆ. ನಾಚಿಕೆಯಿಂದ ಆ 15 ದಿನ ಕಳೆದುಕೊಂಡ ಹೆಂಗಸರನ್ನು ಜಾಸ್ತಿಯೇ ನೋಡಿದ್ದೇನೆ.

ಎಸ್‌ಐಗಳಿಗೆ ಅಸಿಸ್ಟೆಂಟ್ ಕಮಾಂಡೆಂಟ್ ಆಗಲು ಯುಪಿಎಸ್‌ಸಿ ನಡೆಸುವ ಇಲಾಖಾ ಪರೀಕ್ಷೆ ಇದೆಯಲ್ಲ, ಬರೆದು ಪಾಸಾದ ಹುಡುಗಿಯರನ್ನು ಈಗಲೇ ಹುಡುಕಿ ಮಾತಾಡು. ಪುಸ್ತಕ ಯಾವುದು, ಪಾಳಿಯ ನಡುವೆ ಓದಿದ್ದು ಹೇಗೆ, ಅವರೇ ಹೇಳಬೇಕು. ನನಗೆ ಗೊತ್ತಾಗುವಂಥದ್ದಲ್ಲ.

ಮುಂದಿನ ಭಾನುವಾರ ಕಸ್ಟಮ್ಸ್‌ನಲ್ಲಿದ್ದು ನಿವೃತ್ತಳಾದ ನನ್ನ ಗೆಳತಿ ಊಟಕ್ಕೆ ಬರುತ್ತಾಳೆ. ರಜೆ ಸಿಕ್ಕಿದರೆ ನೀನೂ ಬಾ. ಬಂಗುಡೆ ಪುಳಿಮುಂಚಿ ಮಾಡುತ್ತೇನೆ. ಬರುವುದಾದರೆ ಶನಿವಾರ ರಾತ್ರಿಯೇ ಹೇಳು, ತಡವಾಗಿ ಹೋದರೆ ಬಂದರಿನಲ್ಲಿ ಒಳ್ಳೆಯ ಮೀನು ಸಿಗುವುದಿಲ್ಲ.

ನಿನ್ನ ದೊಡ್ಡಮ್ಮ