ಕುರ್ಚಿ ಎಷ್ಟು ಅಂತ ಆಮೇಲೆ ಹೇಳಿ, ಮೊದಲು ಗೇಟು ಎಷ್ಟು ಹೇಳಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಬೊಮ್ಮಸಂದ್ರದ ಸೂರ್ಯನಗರದಲ್ಲಿ 80 ಸಾವಿರ ಜನ ಕೂರುವ ಕ್ರೀಡಾಂಗಣ ಕಟ್ಟಲು ಸರ್ಕಾರ 2025ರಲ್ಲಿ ಒಪ್ಪಿಗೆ ಕೊಟ್ಟಿತು. 100 ಎಕರೆ ಜಾಗ, 1,650 ಕೋಟಿ ರೂಪಾಯಿ ಖರ್ಚು. ಅಹಮದಾಬಾದಿನದು ಬಿಟ್ಟರೆ ದೇಶದಲ್ಲೇ ದೊಡ್ಡದು ಅಂತ ಎಲ್ಲ ಕಡೆ ಬಂತು. ಅವತ್ತಿನಿಂದ ಈ ಬಗ್ಗೆ ಕಂಡದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಕುರ್ಚಿಯ ಲೆಕ್ಕ ಸಿಗುತ್ತದೆ, ದುಡ್ಡಿನ ಲೆಕ್ಕ ಸಿಗುತ್ತದೆ. ಗೇಟು ಎಷ್ಟು, ಎಷ್ಟು ಅಗಲ, ಆಟ ಮುಗಿದ ಮೇಲೆ ಅಷ್ಟು ಜನ ಎಷ್ಟು ಹೊತ್ತಿನಲ್ಲಿ ಹೊರಗೆ ಬರುತ್ತಾರೆ ಅನ್ನುವುದು ನನ್ನ ಕಣ್ಣಿಗೆ ಬೀಳಲಿಲ್ಲ. ಅದನ್ನು ಕೇಳಲು ಈ ಪತ್ರ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ಈಗ ನಿವೃತ್ತಿಯಾಗಿದೆ. ಖೊಖೊ, ಕಬಡ್ಡಿ, ಓಟದ ತಂಡಗಳನ್ನು ಕಟ್ಟಿಕೊಂಡು ಶಿವಮೊಗ್ಗದ ನೆಹರೂ ಕ್ರೀಡಾಂಗಣಕ್ಕೂ ಬೆಂಗಳೂರಿನ ಕಂಠೀರವಕ್ಕೂ ಓಡಾಡಿದ್ದೇನೆ. ಬೇರೆಯವರ ಮನೆ ಮಕ್ಕಳನ್ನು ಕರೆದುಕೊಂಡು ಹೋದವರ ಕಣ್ಣು ಮೈದಾನಕ್ಕೆ ಕಾಲಿಟ್ಟ ಕೂಡಲೇ ಟ್ರ್ಯಾಕಿನ ಕಡೆ ಹೋಗುವುದಿಲ್ಲ. ಬಾಗಿಲು ಎಲ್ಲಿದೆ, ಕುಡಿಯುವ ನೀರು ಎಲ್ಲಿ, ಹುಡುಗಿಯರ ಶೌಚಾಲಯ ಎಲ್ಲಿ, ಗಲಾಟೆಯಾದರೆ ಯಾವ ಕಡೆಯಿಂದ ಹೊರಬೀಳುವುದು, ಇದನ್ನೇ ಹುಡುಕುತ್ತದೆ. ಈಗಲೂ ನನಗೆ ಆ ಅಭ್ಯಾಸ ಹೋಗಿಲ್ಲ.

2025ರ ಜೂನ್ 3ರಂದು ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದಾಗ ನಮ್ಮ ಊರಲ್ಲೂ ಪಟಾಕಿ ಹೊಡೆದರು. ಮಾರನೇ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ 11 ಜನ ಸತ್ತರು. ಒಳಗೆ ಹಿಡಿಸುವುದು ಹೆಚ್ಚುಕಮ್ಮಿ 35 ಸಾವಿರ. ಬಂದವರು ಲಕ್ಷಗಟ್ಟಲೆ. ಸತ್ತವರಲ್ಲಿ ಹೆಚ್ಚಿನವರು ಎಳೆಯರು, ಒಬ್ಬಳು ಶಾಲೆಗೆ ಹೋಗುವ ಹುಡುಗಿ. ಬೆಂಗಳೂರಿನವರಷ್ಟೇ ಅಲ್ಲ, ಬೇರೆ ಜಿಲ್ಲೆಗಳ ಮಕ್ಕಳೂ ಅದರಲ್ಲಿದ್ದರು. ನನ್ನ ಹಳೆಯ ವಿದ್ಯಾರ್ಥಿಗಳು ಎಷ್ಟೋ ಮಂದಿ ಬೆಂಗಳೂರಲ್ಲಿ ಕೆಲಸಕ್ಕಿದ್ದಾರೆ. ಆ ರಾತ್ರಿ ಒಬ್ಬೊಬ್ಬರಿಗೇ ಫೋನ್ ಮಾಡುತ್ತಾ ಕೂತಿದ್ದೆ.

ಆಮೇಲೆ ಜನ ಏನು ಮಾತಾಡಿದರು? 'ಹುಚ್ಚು ಅಭಿಮಾನ', 'ಈಗಿನ ಹುಡುಗರಿಗೆ ಶಿಸ್ತಿಲ್ಲ'. ಈ ಮಾತು ನನಗೆ ತುಂಬಾ ನೋವು ಕೊಟ್ಟಿತು. ಇಂಥ ನೂಕುನುಗ್ಗಲಲ್ಲಿ ಹೆಚ್ಚಿನವರು ಕಾಲಿನಡಿ ಸಿಕ್ಕಿ ಸಾಯುವುದಿಲ್ಲ. ನಿಂತಲ್ಲೇ ಎದೆಗೂಡು ಅದುಮಿ ಉಸಿರು ಕಟ್ಟಿ ಸಾಯುತ್ತಾರೆ. ಒಂದು ಚದರ ಮೀಟರ್ ಜಾಗದಲ್ಲಿ ಐದಾರು ಜನಕ್ಕಿಂತ ಜಾಸ್ತಿ ಸೇರಿಬಿಟ್ಟರೆ ಯಾರ ಕಾಲೂ ಯಾರ ಮಾತೂ ಕೇಳುವುದಿಲ್ಲ. ಹಿಂದಿನಿಂದ ಬಂದ ಒತ್ತಡ ಎಲ್ಲಿಗೆ ತಳ್ಳಿದರೆ ಅಲ್ಲಿಗೆ ಹೋಗಬೇಕು. ಹಿಂದೆ ನಿಂತವರಿಗೆ ಮುಂದೆ ಗೇಟು ಮುಚ್ಚಿದೆ ಅಂತ ಗೊತ್ತೇ ಇರುವುದಿಲ್ಲ. ಅಲ್ಲಿ ಶಿಸ್ತು ಏನು ಮಾಡೀತು? ಶಿಸ್ತು ಇರಬೇಕಾದ್ದು ನಕ್ಷೆ ಬರೆಯುವವರಲ್ಲಿ, ಗೇಟು ತೆಗೆಯುವವರಲ್ಲಿ.

ನಾನೂ ಒಮ್ಮೆ ಹಾಗೆ ಸಿಕ್ಕಿಕೊಂಡಿದ್ದೆ. ಯಾವ ಊರು, ಯಾವ ಕ್ರೀಡಾಂಗಣ ಅನ್ನುವುದು ಇಲ್ಲಿ ಬೇಡ. ಸಂಜೆ ಪಂದ್ಯ, ಜೊತೆಗೆ ನನ್ನ ಖೊಖೊ ಹುಡುಗಿಯರು. ಎರಡು ಬಾಗಿಲ ಗೇಟಿನಲ್ಲಿ ಒಂದನ್ನು ಮಾತ್ರ ತೆಗೆದಿದ್ದರು. ಒಳಗೆ ಹೋಗುವವರು, ಹೊರಗೆ ಬರುವವರು ಎಲ್ಲ ಅದರಲ್ಲೇ. ಗೇಟಿನ ಆಚೆ ಎರಡು ಹೆಜ್ಜೆಗೆ ರಸ್ತೆ, ರಸ್ತೆ ತುಂಬ ಆಟೋಗಳು. 'ಕೈ ಮಡಚಿ ಎದೆ ಮುಂದೆ ಇಟ್ಟುಕೊಳ್ಳಿ, ಚಪ್ಪಲಿ ಬಿದ್ದರೆ ಬಿಡಿ, ಬಗ್ಗಬೇಡಿ' ಅಂತ ಕೂಗಿದೆ. ಆಟದ ಮೈದಾನದಲ್ಲಿ ನನ್ನ ಸೀಟಿಯ ಸದ್ದಿಗೆ ಓಡುತ್ತಿದ್ದ ಮಕ್ಕಳು ಅವತ್ತು ನನ್ನ ದನಿಗೆ ಗಟ್ಟಿ ನಿಂತರು. ಎಲ್ಲರೂ ಹೊರಬಂದೆವು. ಅವರಲ್ಲಿ ಒಬ್ಬಳು ಬಸ್ಸಿನಲ್ಲಿ ಊರು ಮುಟ್ಟುವವರೆಗೂ ನನ್ನ ಕೈ ಬಿಡಲಿಲ್ಲ.

ಜೂನ್ 4ರ ದುರಂತದ ಬಗ್ಗೆ ತನಿಖೆ ಮಾಡಿದ ನ್ಯಾಯಮೂರ್ತಿ ಮೈಕಲ್ ಡಿಕುನ್ಹ ಆಯೋಗ ಇದನ್ನೇ ಹೇಳಿದೆ. ಚಿನ್ನಸ್ವಾಮಿಯ ಗೇಟುಗಳು ಸಾಲದು, ಅವು ನೇರ ಫುಟ್‌ಪಾತಿಗೆ ತೆರೆದುಕೊಳ್ಳುತ್ತವೆ, ಅಷ್ಟು ಜನ ಸೇರುವ ಕಾರ್ಯಕ್ರಮಕ್ಕೆ ಆ ಜಾಗ ಸುರಕ್ಷಿತವಲ್ಲ ಅಂತ. ಮುಂದೆ ಕಟ್ಟುವ ಕಡೆ ಸರದಿ ನಿಲ್ಲಲು ರಸ್ತೆಯಿಂದ ಬೇರೆಯಾದ ಜಾಗ ಬೇಕು, ಸಾಕಷ್ಟು ಬಾಗಿಲು ಬೇಕು, ಬಸ್ಸು-ಮೆಟ್ರೊ ಜೋಡಣೆ ಬೇಕು ಅಂತಲೂ ಹೇಳಿದೆ. ಚಿನ್ನಸ್ವಾಮಿಯದು ಬೇರೆ ಕಾಲದ ಕಟ್ಟಡ. 1974ರಲ್ಲಿ ಅಲ್ಲಿ ಮೊದಲ ಟೆಸ್ಟ್ ನಡೆದಾಗ, ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ವೆಸ್ಟ್ ಇಂಡೀಸ್ ಎದುರು ಆಡಿದಾಗ, ಸುತ್ತಲಿನ ಊರು ಇಷ್ಟು ದೊಡ್ಡದಿರಲಿಲ್ಲ. ಹೊಸದಕ್ಕೆ ಆ ನೆಪ ಇಲ್ಲ.

ಮಲೆನಾಡಿನಲ್ಲಿ ಕೆರೆ ಎಷ್ಟೇ ದೊಡ್ಡದಿರಲಿ, ಕೋಡಿ ಎಲ್ಲಿ ಅಂತ ನೋಡದೆ ಯಾರೂ ಏರಿ ಕಟ್ಟುವುದಿಲ್ಲ. ಇಂಗ್ಲೆಂಡಿನ ಕ್ರೀಡಾಂಗಣ ಸುರಕ್ಷತೆಯ ಕೈಪಿಡಿಯಲ್ಲಿ ಇಂಥದೇ ಒಂದು ಲೆಕ್ಕ ಇದೆ. ಆಟ ಮುಗಿದ ಮೇಲೆ ಸ್ಟ್ಯಾಂಡಿನಲ್ಲಿದ್ದ ಎಲ್ಲರೂ 8 ನಿಮಿಷದೊಳಗೆ ಸರಾಗವಾಗಿ ಸಾಗುವ ಹೊರದಾರಿ ಸೇರಬೇಕು. ಅಷ್ಟರಲ್ಲಿ ಆಗದಿದ್ದರೆ ಕುರ್ಚಿ ಕಮ್ಮಿ ಮಾಡಬೇಕು. ಬಾಗಿಲಿಗೆ ತಕ್ಕಂತೆ ಕುರ್ಚಿ, ತಿಳಿಯಿತಲ್ವಾ? ಆ ದೇಶವೂ ಪೆಟ್ಟು ತಿಂದೇ ಕಲಿತದ್ದು. 1989ರ ಏಪ್ರಿಲ್ 15ರಂದು ಹಿಲ್ಸ್‌ಬರೋ ಫುಟ್ಬಾಲ್ ಮೈದಾನದಲ್ಲಿ ಹೊರಗಿನ ನೂಕಾಟ ತಗ್ಗಿಸಲು ಒಂದು ದೊಡ್ಡ ಗೇಟು ತೆಗೆದರು. ಜನ ಎದುರಿಗಿದ್ದ ಸುರಂಗದ ದಾರಿ ಹಿಡಿದು, ನಿಂತು ನೋಡುವವರಿಗೆ ಕಂಬಿ ಹಾಕಿದ, ಮೊದಲೇ ತುಂಬಿದ್ದ ಕಟಕಟೆಗೆ ಹೋಗಿ ಬಿದ್ದರು. ಪಕ್ಕದ ಕಟಕಟೆಗಳಲ್ಲಿ ಜಾಗ ಇತ್ತು. ಆ ಕಡೆ ಹೋಗಿ ಅಂತ ಹೇಳಲು ಯಾರೂ ಇರಲಿಲ್ಲ. 97 ಜೀವ ಹೋಯಿತು. ಇನ್ನೂ ಹಿಂದೆ, ಸುಮಾರು ಎರಡು ಸಾವಿರ ವರ್ಷದ ಕೆಳಗೆ ಕಟ್ಟಿದ ರೋಮಿನ ಕೊಲೋಸಿಯಮ್ಮಿಗೆ 80 ಬಾಗಿಲು. ಅದರಲ್ಲಿ 76ಕ್ಕೆ ನಂಬರು ಕೆತ್ತಿದ್ದರು, ಯಾರು ಎಲ್ಲಿಂದ ಹೋಗಬೇಕು ಅಂತ ಗೊತ್ತಾಗಲಿ ಅಂತ.

ನನ್ನ ಹುಡುಗಿಯರ ಪರವಾಗಿ ಇನ್ನೊಂದು ನೋವು ಹೇಳಲೇಬೇಕು. 2025ರ ಮಹಿಳಾ ವಿಶ್ವಕಪ್ ಪಂದ್ಯಗಳು ಬೆಂಗಳೂರಿನಲ್ಲಿ ನಡೆಯಬೇಕಿತ್ತು. ಫೈನಲ್ ಕೂಡ ಇಲ್ಲಿಗೇ ಬರಬಹುದಿತ್ತು. ಜೂನ್ 4ರ ನಂತರ ಬೆಂಗಳೂರಿನ ಬದಲು ನವಿ ಮುಂಬೈ ಬಂತು, ಫೈನಲ್ ಕೂಡ ಅಲ್ಲಿಗೇ ಹೋಯಿತು. ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು ಸೋಲಿಸಿ ಮೊದಲ ಸಲ ಕಪ್ ಎತ್ತಿದ್ದನ್ನು ನಾವು ಟಿ.ವಿ.ಯಲ್ಲಿ ನೋಡಿದೆವು. ಸಂತೋಷದಿಂದ ಅತ್ತೆ. ಬೆಂಗಳೂರಿನಲ್ಲಿ ಆಗಿದ್ದರೆ ಶಿವಮೊಗ್ಗ, ಸಾಗರ, ಕೊಪ್ಪದಿಂದ ಎಷ್ಟು ಹುಡುಗಿಯರು ಹೋಗಿ ಕೂರುತ್ತಿದ್ದರು! ಹತ್ತನೇ ಕ್ಲಾಸಿಗೆ ಆಟ ಬಿಡಿಸುವ ಅಪ್ಪಂದಿರು ಅಲ್ಲಿ ಬಂದು ಕೂತಿದ್ದರೆ ಏನಾಗುತ್ತಿತ್ತೋ. ಗೇಟು ಸರಿಯಿಲ್ಲದ್ದಕ್ಕೆ ನಾವು ಕಳೆದುಕೊಂಡದ್ದರಲ್ಲಿ ಇದೂ ಸೇರಿದೆ.

ಹೊರಗಿನಿಂದ ಬರುವವರ ಬಗ್ಗೆ ಬೆಂಗಳೂರಿನಲ್ಲಿ ಕೂತು ಯೋಚಿಸುವವರು ಕಮ್ಮಿ. ರಾತ್ರಿ ಏಳೂವರೆಗೆ ಶುರುವಾದ ಟಿ20 ಪಂದ್ಯ ಮುಗಿಯುವಾಗ ಹನ್ನೊಂದು ದಾಟಿರುತ್ತದೆ. ನಮ್ಮ ಕಡೆಗೆ ಬರುವ ಮೈಸೂರು–ತಾಳಗುಪ್ಪ ರೈಲು ಹನ್ನೊಂದರ ಹೊತ್ತಿಗೇ ಬೆಂಗಳೂರು ಬಿಡುತ್ತದೆ. ಆಮೇಲೆ ಮೆಜೆಸ್ಟಿಕ್ಕಿಗೆ ಓಡಿ ಬಸ್ಸು ಹಿಡಿಯಬೇಕು. ಬೊಮ್ಮಸಂದ್ರದಿಂದಾದರೆ ಹಳದಿ ಮಾರ್ಗದ ಮೆಟ್ರೊದಲ್ಲಿ ಆರ್.ವಿ. ರಸ್ತೆಗೆ ಬಂದು, ಹಸಿರು ಮಾರ್ಗಕ್ಕೆ ಬದಲಾಯಿಸಿ ಮೆಜೆಸ್ಟಿಕ್ ಮುಟ್ಟಬೇಕು. ಅದಕ್ಕೇ ದೂರದೂರಿನವರೆಲ್ಲ ಕೊನೇ ಓವರಿಗೆ ಮುಂಚೆ ಒಟ್ಟಿಗೇ ಬಾಗಿಲಿಗೆ ನುಗ್ಗುತ್ತಾರೆ. ಪಂದ್ಯದ ರಾತ್ರಿ ಕ್ರೀಡಾಂಗಣದ ಹತ್ತಿರದಿಂದಲೇ ಶಿವಮೊಗ್ಗ, ಹಾಸನ, ಚಿಕ್ಕಮಗಳೂರಿಗೆ ಬಸ್ಸು ಬಿಟ್ಟರೆ, ಅದನ್ನು ಟಿಕೆಟ್ಟಿನ ಮೇಲೇ ಅಚ್ಚು ಹಾಕಿದರೆ, ಗೇಟಿನ ಮೇಲಿನ ಭಾರ ಅರ್ಧ ಇಳಿಯುತ್ತದೆ. ಸಂಗೀತ ಕಾರ್ಯಕ್ರಮಗಳಿಗೂ ಇದೇ ಮಾತು. ಅಲ್ಲಿಗೂ ಹೋಗುವವರು ನಮ್ಮ ಮಕ್ಕಳೇ.

ದೊಡ್ಡ ಆಟ ಅಂದರೆ ದೊಡ್ಡ ಊರೇ ಆಗಬೇಕು ಅಂತಲೂ ಇಲ್ಲ. 2024ರ ಜನವರಿಯಲ್ಲಿ ಶಿವಮೊಗ್ಗದ ನವುಲೆ ಮೈದಾನದಲ್ಲಿ 19 ವರ್ಷದೊಳಗಿನವರ ಕ್ರಿಕೆಟ್ಟಿನ ಕೂಚ್ ಬೆಹಾರ್ ಟ್ರೋಫಿ ಫೈನಲ್ ನಡೆಯಿತು. ನಮ್ಮ ಕರ್ನಾಟಕ ತಂಡದ ಪ್ರಖರ್ ಚತುರ್ವೇದಿ ಮುಂಬೈ ಎದುರು ಔಟಾಗದೆ 404 ರನ್ ಹೊಡೆದ. ಆ ಟ್ರೋಫಿಯ ಫೈನಲ್‌ನಲ್ಲಿ 400 ದಾಟಿದ ಮೊದಲಿಗ ಅವನು. ರಣಜಿ ಪಂದ್ಯಗಳೂ ಅಲ್ಲಿ ನಡೆದಿವೆ. ಮಳೆಗಾಲ ಬಿಟ್ಟು ಇಂಥ ಪಂದ್ಯ ಜಾಸ್ತಿ ಕೊಟ್ಟರೆ ನಮ್ಮ ಮಕ್ಕಳು ಆಟಗಾರರನ್ನು ಹತ್ತಿರದಿಂದ ನೋಡಿ, ಸಂಜೆ ಮನೆಯ ಬಸ್ಸು ಹಿಡಿಯಬಹುದು.

ನಾನು ಹೊಸ ಕ್ರೀಡಾಂಗಣ ಬೇಡ ಅನ್ನುವವಳಲ್ಲ. ಬೇಕು. ಸರ್ಕಾರವನ್ನು ಕೇಳುವುದು ಇಷ್ಟು: ಕಟ್ಟುವ ಮುಂಚೆ ಅದರ ನಕ್ಷೆಯನ್ನು ಎಲ್ಲ ಜಿಲ್ಲಾ ಕೇಂದ್ರಗಳಲ್ಲೂ ಜನರ ಮುಂದೆ ಇಡಲಿ. ಪ್ರತಿ ಗೇಟಿನ ಅಗಲ, ಪ್ರತಿ ಸ್ಟ್ಯಾಂಡ್ ಖಾಲಿಯಾಗಲು ಹಿಡಿಯುವ ನಿಮಿಷ, ಹೆಂಗಸರ ಶೌಚಾಲಯ, ಆಂಬುಲೆನ್ಸ್ ಬರುವ ದಾರಿ ಅದರಲ್ಲಿ ಬರೆದಿರಲಿ. ಶಿವಮೊಗ್ಗದಲ್ಲಿ ಇಟ್ಟ ದಿನ ನಾನು ತೀರ್ಥಹಳ್ಳಿಯಿಂದ ಬಂದು ನೋಡುತ್ತೇನೆ. ಶಾಲೆಗಳ ಪಿ.ಟಿ. ಟೀಚರುಗಳನ್ನೂ ಕರೆಯಿರಿ. ನಮ್ಮ ಹತ್ತಿರ ಹೇಳಲು ಬೇಕಾದಷ್ಟಿದೆ.

ಇಂತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ